ಮಾವಿನೆಲೆಯ ಮಳೆಗಾಲ

ಈ ಯುಗಾದಿಯ ಬೆಳಿಗ್ಗೆ ಪ್ರಭಾಕರಣ್ಣನ ಮನೆಯ ವರಾಂಡದಲ್ಲಿ ಕೂತು ತೋರಣಕ್ಕೆ ಎಲೆ ಪೋಣಿಸುತ್ತಿದ್ದೆ. ಸ್ಪ್ರಿಂಗ್ ವ್ಯಾಲಿಯ ಆ ಕಂಪನಿ ಮನೆಯ ಅಂಗಳದಲ್ಲಿ ದೊಡ್ಡದೊಂದು ಮಾವಿನ ಮರವಿದೆ. ನೈರೋಬಿಯ ತಂಪಿನಲ್ಲಿ ಅದು ಹಣ್ಣು ಕೊಟ್ಟದ್ದನ್ನು ನಾನು ಕಂಡಿಲ್ಲ. ಎಲೆಯನ್ನಂತೂ ಧಾರಾಳವಾಗಿ ಕೊಡುತ್ತದೆ; ಇಲ್ಲಿನ ನಮ್ಮ ಕನ್ನಡದ ಮನೆಗಳೆಲ್ಲ ಹಬ್ಬಕ್ಕೆ ಅಲ್ಲಿಂದಲೇ ಎಲೆ ಒಯ್ಯುತ್ತವೆ. ಒಂದು ಎಲೆಯ ತೊಟ್ಟು ತುಸು ಉದ್ದವಾಗಿತ್ತು. ಮುರಿದೆ. ಬೆರಳಿಗೆ ಅಂಟಿದ ಸೊನೆಯಿಂದ ಹಸಿ ಮಾವಿನಕಾಯಿಯ ವಾಸನೆ ಬಂತು, ಉಪ್ಪು ಖಾರ ಹಚ್ಚಿ ಕಚ್ಚಬೇಕು ಅನ್ನಿಸುವಂಥ ವಾಸನೆ.

ಬಾಯಲ್ಲಿ ನೀರೂರಬೇಕಿತ್ತು. ಅದರ ಬದಲು ಕೈ ನಿಂತಿತು. ಇದೇ ವಾಸನೆಯನ್ನು ಐದಾರು ವರ್ಷಗಳ ಹಿಂದೆ, ಒಂದು ದೊಡ್ಡ ಮಳೆಗಾಲದಲ್ಲಿ, ನನ್ನ ಪ್ರಯೋಗಾಲಯದ ಪಿಂಗಾಣಿ ಕುಟ್ಟಾಣಿಯಲ್ಲಿ ಮೂಸಿದ್ದೆ. ಅಲ್ಲಿ ಅದು ಇರಬಾರದಿತ್ತು.

ಮಾವಿನ ಎಲೆಗಳಿಗೆಲ್ಲ ಒಂದೇ ವಾಸನೆ ಇರುವುದಿಲ್ಲ. ಕೆಲವು ಮರಗಳ ಎಲೆ ಹಿಸುಕಿದರೆ ಸೀಮೆಎಣ್ಣೆಯಂಥ ಘಾಟು. ಇನ್ನು ಕೆಲವಕ್ಕೆ ಮಾವಿನಕಾಯಿಯದೇ ಹುಳಿಗಂಪು. ಅದು ಮರದ ಹುಟ್ಟುಗುಣ. ಬಿಸಿಲು ಮಳೆಗೆ ಪ್ರಮಾಣ ಹೆಚ್ಚುಕಡಿಮೆಯಾದೀತು, ಜಾತಿ ಬದಲಾಗುವುದಿಲ್ಲ. ಇಷ್ಟು ನನಗೆ ಪುಸ್ತಕದಿಂದ ಗೊತ್ತು. ಆದರೆ ಐದಾರು ವರ್ಷದ ಹಿಂದಿನ ವಾಸನೆ ಇದೇ ಎಂದು ನನ್ನ ಮೂಗು ಹೇಳಿದರೆ ಅದನ್ನು ಎಷ್ಟು ನಂಬಬಹುದು?

ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ, ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಎಲೆಗಳ ರಸಾಯನ ಕಲಿಸುವವನು. ನೆನಪನ್ನು ನಂಬದಿರುವುದು ಕಸುಬಿನಿಂದ ಬಂತೋ, ಹುಟ್ಟಿನಿಂದಲೇ ಇತ್ತೋ ತಿಳಿಯದು. ಮನೆಗೆ ಬೀಗ ಹಾಕಿ ಗೇಟಿನವರೆಗೆ ಬಂದವನು ಹಿಂತಿರುಗಿ ಹೋಗಿ ಬೀಗ ಜಗ್ಗಿ ನೋಡುತ್ತೇನೆ. ಅಮ್ಮ ಹೇಳಿದ್ದು ಅಂದುಕೊಂಡ ಮಾತನ್ನು ಚಿಕ್ಕಮ್ಮ ಹೇಳಿದ್ದಿರಬಹುದೇ ಎಂದು ಫೋನ್ ಮಾಡಿ ಕೇಳುತ್ತೇನೆ. "ನಮ್ಮ ಮೇಷ್ಟ್ರು ತಮ್ಮ ಹೆಸರು ಹೇಳೋಕೂ ಮುಂಚೆ ಪಾಸ್‌ಪೋರ್ಟ್ ತೆಗೆದು ನೋಡ್ಕೋತಾರೆ" ಎಂದು ಪ್ರಭಾಕರಣ್ಣ ಪ್ರತಿ ಹಬ್ಬದ ಪಂಕ್ತಿಯಲ್ಲೂ ಎಲ್ಲರನ್ನೂ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಆ ಹಾಸ್ಯವನ್ನು ಅವರು ಒಂದು ದಿನ ಹೇಗೆ ಬಳಸಿಯಾರು ಎಂಬ ಯೋಚನೆಯೇ ಬಂದಿರಲಿಲ್ಲ.

ಪ್ರಭಾಕರಣ್ಣ ಭದ್ರಾವತಿಯವರು, ಕಬ್ಬಿಣದ ಊರಿನ ಮನುಷ್ಯ. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೂರಿನ ತಗಡು ಮಾಡುವ ಒಂದು ಕಾರ್ಖಾನೆಗೆ ಮ್ಯಾನೇಜರ್. ಆ ತಗಡಿಗೆ ಇಲ್ಲಿಯವರು ಮಬಾಟಿ ಎನ್ನುತ್ತಾರೆ. ಅರ್ಧ ದೇಶ ಅದರಡಿ ಮಲಗುತ್ತದೆ. ನಾನು ನೈರೋಬಿಗೆ ಬಂದಿಳಿದ ದಿನ ವಿಮಾನ ನಿಲ್ದಾಣದಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ಬರೆದ ರಟ್ಟು ಹಿಡಿದು ನಿಂತವರು ಅವರು. ಲ್ಯಾವಿಂಗ್ಟನ್ನಿನ ಒಂದು ಕಾಂಪೌಂಡಿನ ಹಿಂದಿದ್ದ ಚಿಕ್ಕ ಮನೆ ಕೊಡಿಸಿದವರು, ಕುಕ್ಕರಿನಿಂದ ಹಿಡಿದು ಕಂಬಳಿಯವರೆಗೆ ತಂದಿಟ್ಟವರು. ಅವರ ಹೆಂಡತಿ ಶಾಂತಕ್ಕ ಮೊದಲ ತಿಂಗಳಿಡೀ ಡ್ರೈವರ್ ಒತಿಯೆನೊನ ಕೈಲಿ ಸಾರಿನ ಡಬ್ಬಿ ಕಳಿಸಿದ್ದರು. ಒಡಹುಟ್ಟಿದ ಅಣ್ಣ ಇಲ್ಲದ ನನಗೆ 'ಅಣ್ಣ' ಎಂಬ ಮಾತು ಬಾಯಿಗೆ ಕೂತದ್ದು ಅವರಿಂದ.

ತಗಡಿಗೆ ಸತುವಿನ ಲೇಪ ಹಿಡಿಯಬೇಕಾದರೆ ಮೊದಲು ಅದರ ತುಕ್ಕು ಹೋಗಬೇಕು. ಅದಕ್ಕೆ ಉಕ್ಕಿನ ಹಾಳೆಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದುತ್ತಾರೆ. ತೊಟ್ಟಿಯ ಆವಿ ಮೇಲೆದ್ದು ಕಿಟಕಿಗಳಿಂದ ಹೊರಗೆ ಹೋಗುತ್ತಿತ್ತು. ಹಿಂದಿನ ಗೋಡೆಯ ಆಚೆ ಒಂದು ಪ್ರೈಮರಿ ಶಾಲೆ. ಗಾಳಿ ಆ ಕಡೆ ತಿರುಗಿದ ದಿನ ಮಕ್ಕಳ ಗಂಟಲು ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ ಎಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಗ್ರೇಸ್ ದೂರುತ್ತಿದ್ದರು. ಗೇಟಿನವರಿಂದ ಹಿಡಿದು ಎಲ್ಲರೂ ಅವರನ್ನು ಮ್ವಾಲಿಮು ಎಂದೇ ಕರೆಯುತ್ತಿದ್ದರು, ಅಂದರೆ ಟೀಚರಮ್ಮ. ಅವರು ಕೇಳುತ್ತಿದ್ದದ್ದು ಒಂದೇ: ಆವಿಯನ್ನು ಹೀರಿ, ನೀರಿನಲ್ಲಿ ತೊಳೆದು ಹೊರಬಿಡುವ ಸ್ಕ್ರಬ್ಬರ್ ಎಂಬ ಯಂತ್ರ. ಮಾಲೀಕರು ಸಾಕ್ಷಿ ಕೇಳಿದರು. ಗಾಳಿ ಅಳೆಯುವ ಯಂತ್ರವನ್ನು ಎರಡು ದಿನ ತಂದಿಟ್ಟಾಗ ಆ ಎರಡು ದಿನವೂ ಗಾಳಿ ಬೇರೆ ದಿಕ್ಕಿಗೆ ಬೀಸಿತಂತೆ.

ಆಗ ಪ್ರಭಾಕರಣ್ಣನೇ ನನ್ನ ಹೆಸರು ಹೇಳಿದರು. ಗೋಡೆಯುದ್ದಕ್ಕೂ ಹಳೆಯ ಮಾವಿನ ಮರಗಳ ಸಾಲಿತ್ತು. "ನಮ್ಮ ಮೇಷ್ಟ್ರು ಎಲೆ ಅರೆದು ಗಾಳಿ ಜಾತಕ ಹೇಳ್ತಾರೆ" ಎಂದರಂತೆ ಮಾಲೀಕರಿಗೆ. ಎರಡೂ ಕಡೆಯವರು ಒಪ್ಪಿದರು. ಎಲೆಗಳಲ್ಲಿ ಕೆಡುಕು ಕಂಡರೆ ಸ್ಕ್ರಬ್ಬರ್ ಹಾಕಿಸುತ್ತೇವೆ ಎಂದು ಕಾರ್ಖಾನೆ ಮಾತು ಕೊಟ್ಟಿತು.

ಆ ಮಾತು ನನಗೆ ಹಿಡಿಸಿತ್ತು. ಯಂತ್ರ ಎರಡು ದಿನದ ಗಾಳಿ ನೋಡುತ್ತದೆ, ಮರ ನಿಂತಲ್ಲೇ ನಿಂತು ವರ್ಷವಿಡೀ ಉಸಿರಾಡುತ್ತದೆ. ಎಲೆಯ ಕೆಳಮೈಯ ಸಣ್ಣ ಬಾಯಿಗಳಿಂದ ಆಸಿಡ್ ಆವಿ ಒಳಗೆ ಹೋಗಿ ರಸದಲ್ಲಿ ಕರಗಿದರೆ ರಸ ಹುಳಿಯಾಗುತ್ತದೆ. ಹಸಿರು ಬಣ್ಣದ ಕಣದ ನಡುವೆ ಇರುವ ಮೆಗ್ನೀಷಿಯಂ ಕಳಚಿಹೋಗುತ್ತದೆ. ಸೊಪ್ಪು ಬೇಯುವಾಗ ಹುಣಸೆ ಹಿಂಡಿದರೆ ಹಸಿರು ಮಾಸಿ ಕಂದಾಗುತ್ತದಲ್ಲ, ಹೆಚ್ಚುಕಡಿಮೆ ಅದೇ. ಎಲೆ ಸುಮ್ಮನೆ ಕೂರುವುದಿಲ್ಲ. ನೆಲ್ಲಿಕಾಯಿಯಲ್ಲಿರುವ ಸಿ ವಿಟಮಿನ್ನನ್ನೇ ತಾನೂ ತಯಾರಿಸಿಕೊಂಡು ಹೋರಾಡುತ್ತದೆ. ಎಷ್ಟು ಹಸಿರು ಉಳಿದಿದೆ, ರಸ ಎಷ್ಟು ಹುಳಿಯಾಗಿದೆ, ಎಷ್ಟು ನೀರು ಹಿಡಿದಿದೆ, ಎಷ್ಟು ವಿಟಮಿನ್ ಖರ್ಚಾಗಿದೆ ಎಂದು ಅಳೆದರೆ ಮರ ಯಾವ ಗಾಳಿಯಲ್ಲಿ ಬದುಕಿದೆ ಎಂಬುದು ಸಾಕಷ್ಟು ತಿಳಿಯುತ್ತದೆ.

ಮಳೆಗೆ ಮುಂಚಿನ ಒಣ ದಿನಗಳಲ್ಲಿ ನಾನೇ ಹೋಗಿ ಎಲೆ ಕಿತ್ತೆ. ಮ್ವಾಲಿಮು ಗ್ರೇಸ್ ಕೊಂಬೆ ಬಗ್ಗಿಸಿ ಹಿಡಿದರು. ಎತ್ತರದ ಹೆಂಗಸು, ಹಸಿರು ಕಾರ್ಡಿಗನ್‌ನ ತೋಳಿಗೆ ಚಾಕ್‌ಪುಡಿ ಮೆತ್ತಿತ್ತು. "ಡಾಕ್ಟರ್, ನಿಮ್ಮ ಎಲೆಗಳು ಇಂಗ್ಲಿಷ್ ಮಾತಾಡುತ್ತವೆಯೇ? ನನ್ನ ಮಕ್ಕಳು ಮಾತಾಡುತ್ತಾರೆ. ಆದರೂ ಯಾರೂ ಕೇಳುತ್ತಿಲ್ಲ" ಎಂದು ಚುಚ್ಚಿದರು. ಎಲೆಗಳ ಅಂಚು ಸುಟ್ಟ ಕಾಗದದಂತಿತ್ತು. ಫಲಿತಾಂಶವೂ ಹಾಗೇ ಬಂತು: ಹಸಿರು ಕಡಿಮೆ, ರಸ ಹುಳಿ. ಹೋಲಿಕೆಗೆಂದು ದೂರದ ಬಡಾವಣೆಯೊಂದರ ಮರಗಳಿಂದ ತಂದ ಎಲೆಗಳು ಎಷ್ಟೋ ಚೆನ್ನಾಗಿದ್ದವು.

ಮಾಲೀಕರ ಕಡೆಯಿಂದ ಒಂದು ಆಕ್ಷೇಪ ಬಂತು. ಬರ ಬಿಸಿಲಿನ ಕಾಲ, ಧೂಳು ಕೂತಿದೆ, ನೀರಿಲ್ಲ, ಅದಕ್ಕೇ ಎಲೆ ಕೆಟ್ಟಿರಬಹುದು; ಮಳೆ ಬಂದ ಮೇಲೂ ಒಮ್ಮೆ ನೋಡಿ. ಆಕ್ಷೇಪದಲ್ಲಿ ತಪ್ಪಿರಲಿಲ್ಲ. ನಾನೇ ಅವರ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. ಒಪ್ಪಿದೆ.

ಮಳೆ ಬಂತು. ಇಲ್ಲಿಯ ದೊಡ್ಡ ಮಳೆ ಮಾರ್ಚ್ ಕೊನೆಗೆ ಶುರುವಾಗುತ್ತದೆ. ಮಧ್ಯಾಹ್ನದವರೆಗೆ ಏನೂ ಅರಿಯದ ಹಾಗೆ ಬಿಸಿಲಿದ್ದು, ಆಮೇಲೆ ಒಮ್ಮೆಲೇ ಆಕಾಶ ಕುಸಿಯುತ್ತದೆ. ಸ್ಪ್ರಿಂಗ್ ವ್ಯಾಲಿ, ಲ್ಯಾವಿಂಗ್ಟನ್ ಕಡೆ ನೆಲ ಕೆಂಪು, ನೀರು ಇಳಿದುಹೋಗುತ್ತದೆ. ಇಂಡಸ್ಟ್ರಿಯಲ್ ಏರಿಯಾದ್ದು ಎರೆಮಣ್ಣು, ಹಿಡಿದರೆ ಬಿಡುವುದಿಲ್ಲ. ಮಟಾಟು ಎಂಬ ಬಾಡಿಗೆ ವ್ಯಾನುಗಳು ಚರಂಡಿ ಯಾವುದು ರಸ್ತೆ ಯಾವುದು ಎಂದು ನೋಡದೆ ನುಗ್ಗುತ್ತಿದ್ದವು. ಮಳೆಗಾಲದ ಎಲೆ ಕೀಳಲೆಂದು ಹೋದ ಮೊದಲ ದಿನವೇ ಗೋಡೆ ಪಕ್ಕದ ಕಾಲುವೆಯಲ್ಲಿ ಜಾರಿ ಪಾದದ ಮೂಳೆ ಬಿರುಕು ಬಿಟ್ಟಿತು. ಗ್ರೇಸ್ ಮತ್ತು ಕಾವಲುಗಾರ ಸೇರಿ ನನ್ನನ್ನು ಎತ್ತಿ ಕೂರಿಸಿದರು. "ಪೋಲೆ, ಪೋಲೆ" ಎಂದು ಸಮಾಧಾನ ಹೇಳುತ್ತಲೇ ಆಕೆ ಕೇಳಿದ್ದು: "ಹಾಗಾದರೆ ಎಲೆ?"

ಎಲೆಯ ಚಿಂತೆ ಪ್ರಭಾಕರಣ್ಣ ಬಗೆಹರಿಸಿದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿ, ಮೆಟ್ಟಿಲು ಹತ್ತಲು ಹೆಗಲು ಕೊಟ್ಟು, ನನ್ನನ್ನು ಹಾಸಿಗೆಯಲ್ಲಿ ಕೂರಿಸಿದ ಮೇಲೆ ಹೇಳಿದರು: "ಒತಿಯೆನೊಗೆ ಹೇಳ್ತೀನಿ. ಸಂಜೆ ಫ್ಯಾಕ್ಟ್ರಿ ಬಿಡೋವಾಗ ಕಿತ್ಕೊಂಡು ಬಂದು ನಮ್ಮನೆ ಫ್ರಿಜ್ಜಲ್ಲಿಡ್ತಾನೆ. ಬೆಳಿಗ್ಗೆ ನಿಮ್ಮ ಲ್ಯಾಬ್‌ಗೆ. ಆಯ್ತಾ?"

"ತೊಳೀಬಾರದು ಅಣ್ಣ. ಬಲಿತ ಎಲೆ, ಹೇಗಿರುತ್ತೋ ಹಾಗೇ. ಚೆನ್ನಾಗಿರೋದು, ಕೆಟ್ಟಿರೋದು ಅಂತ ಆರಿಸಬಾರದು."

"ತಗಡಿಗೆ ಕ್ವಾಲಿಟಿ ಕಂಟ್ರೋಲ್ ಮಾಡೋನು ನಾನು. ನನಗೆ ಸ್ಯಾಂಪಲ್ ಪಾಠ ಹೇಳ್ತೀರಾ ಮೇಷ್ಟ್ರೇ?"

ವಾರಕ್ಕೊಮ್ಮೆ ಎಲೆ ಬರತೊಡಗಿದವು. ಒದ್ದೆ ಬಟ್ಟೆಯಲ್ಲಿ ಸುತ್ತಿ, ತೊಟ್ಟುಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿದ ಕಟ್ಟು. ನೋಡಿದರೆ ಪೂಜೆಗೆ ತಂದ ಹಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗಲೇ ಅನ್ನಿಸಿತ್ತೇ? ಗೊತ್ತಿಲ್ಲ. ಆಗ ಅನ್ನಿಸಿದ್ದರೆ ಕೇಳುತ್ತಿದ್ದೆ ಅಂದುಕೊಳ್ಳುತ್ತೇನೆ, ಆದರೆ ಈ 'ಅಂದುಕೊಳ್ಳುವುದು' ಸಾಕ್ಷಿಯಲ್ಲ. ಎಲೆ ಅದ್ದಿ ತೆಗೆದ ನೀರು ತಿಳಿಯಾಗಿತ್ತು. ಮಳೆ ತೊಳೆದಿದೆ ಎಂದುಕೊಂಡೆ. ಇದು ಖಚಿತ. ಇನ್ನೊಂದೂ ಖಚಿತ, ಏಕೆಂದರೆ ಅದಕ್ಕೆ ಇನ್ನೊಬ್ಬರ ಸಾಕ್ಷಿ ಇದೆ. ನಾನು ಕುಟ್ಟಾಣಿಯಲ್ಲಿ ಎಲೆ ಅರೆಯುತ್ತಿದ್ದಾಗ ಪಕ್ಕದ ಮೇಜಿನ ವಿದ್ಯಾರ್ಥಿನಿ ತಲೆಯೆತ್ತಿ, "ಡಾಕ್ಟರ್, ಪಿಲಿಪಿಲಿ ತರಲೇ?" ಎಂದಳು. ಇಲ್ಲಿ ರಸ್ತೆಬದಿಯಲ್ಲಿ ಮಾವಿನಹೋಳಿಗೆ ಉಪ್ಪು ಮತ್ತು ಪಿಲಿಪಿಲಿ, ಎಂದರೆ ಖಾರದಪುಡಿ, ಸವರಿ ಮಾರುತ್ತಾರೆ. ಇಡೀ ಕೋಣೆ ನಕ್ಕಿತು. ಆಕೆ ಈಗ ಬೇರೆ ಊರಲ್ಲಿದ್ದಾಳೆ. ಮೊನ್ನೆ ಸಂದೇಶ ಕಳಿಸಿ ಕೇಳಿದೆ. ನೆನಪಿದೆ ಎಂದಳು.

ಆ ಎಲೆಗಳ ಫಲಿತಾಂಶ ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ, ಪ್ಲಾಸ್ಟರ್ ಕಾಲನ್ನೂ ಮರೆತು. ಹಸಿರು ತುಂಬಿತ್ತು. ರಸದ ಹುಳಿ ಇಳಿದಿತ್ತು. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ. ನೊಂದ ಮರಗಳು ಒಂದು ಮಳೆಗೆ ಚೇತರಿಸಿಕೊಂಡಿವೆ! ಅನುಮಾನಿಸುವುದೇ ನನ್ನ ಸ್ವಭಾವ ನಿಜ, ಆದರೆ ಅನುಮಾನಿಸುವವನಿಗೂ ಸುಂದರವಾದದ್ದೊಂದು ಬೇಕಿರುತ್ತದೆ. ನಾನು ಅಳತೆಯನ್ನು ಅನುಮಾನಿಸಿದೆ, ಮತ್ತೆ ಮಾಡಿದೆ. ದ್ರಾವಣಗಳನ್ನು ಅನುಮಾನಿಸಿದೆ, ಹೊಸದಾಗಿ ಕಲೆಸಿದೆ. ಎಲೆ ತಂದ ಕೈಯನ್ನು ಅನುಮಾನಿಸಬೇಕು ಎಂದು ಹೊಳೆಯಲಿಲ್ಲ. ಅಣ್ಣನ ಮನೆಯ ಫ್ರಿಜ್ಜಿನಿಂದ ಬಂದದ್ದನ್ನು ಯಾರು ಅನುಮಾನಿಸುತ್ತಾರೆ?

ಮಳೆಗಾಲದ ಕೊನೆಗೆ ಶಾಲೆಯಲ್ಲಿ ಪೋಷಕರ ಸಭೆ ಸೇರಿತು. ಅಷ್ಟರಲ್ಲಿ ಪ್ಲಾಸ್ಟರ್ ಬಿಚ್ಚಿತ್ತು, ಕೋಲೂರಿ ನಡೆಯುತ್ತಿದ್ದೆ. ಉದ್ದದ ತರಗತಿ, ಮೇಲೆ ಮಬಾಟಿ. ಮಳೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ನಾನು ವರದಿಯ ಒಂದೊಂದು ವಾಕ್ಯವನ್ನೂ ಕೂಗಿ ಓದಬೇಕಾಯಿತು. ಒಣ ಕಾಲದಲ್ಲಿ ಎಲೆಗಳು ಸೊರಗಿದ್ದವು, ಮಳೆ ಬಂದ ಮೇಲೆ ಪೂರ್ತಿ ಚೇತರಿಸಿಕೊಂಡಿವೆ. ಆದ್ದರಿಂದ ಮೊದಲು ಕಂಡದ್ದಕ್ಕೆ ಆವಿಯೇ ಕಾರಣ ಎನ್ನಲಾಗದು. ಆವಿ ತೊಟ್ಟಿಯಿಂದ ಮಳೆಯಲ್ಲೂ ಏಳುತ್ತಿತ್ತಲ್ಲ! ಇಷ್ಟೇ ಕೂಗಿದ್ದು.

ಗ್ರೇಸ್ ಎದ್ದು ನಿಂತು ಬೆರಳನ್ನು ಸೂರಿನ ಕಡೆ ತೋರಿಸಿದರು. ಕಾರ್ಖಾನೆಯ ಕಡೆಯ ಅರ್ಧ ಸೂರು ತುಕ್ಕು ತಿಂದು ಜರಡಿಯಾಗಿತ್ತು, ಅಲ್ಲಿಂದ ನೀರು ತೊಟ್ಟಿಕ್ಕುತ್ತಿತ್ತು. ಈ ಕಡೆಯ ಅರ್ಧ ಗಟ್ಟಿಯಾಗೇ ಇತ್ತು. "ಇದನ್ನೂ ಅರೆದು ನೋಡಿದಿರಾ ಡಾಕ್ಟರ್?"

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಉತ್ತರ ಕೊಟ್ಟದ್ದು ನಾನಲ್ಲ, ಪ್ರಭಾಕರಣ್ಣ ಎಂದು ನೆನಪು. ಅವರು ಎದ್ದು, ಎಲ್ಲರಿಗೂ ಕೇಳುವಂತೆ, ಸೂರು ಪೂರ್ತಿ ಹೊಸದು ಹಾಕಿಸಿಕೊಡುತ್ತೇವೆ, ನಮ್ಮದೇ ತಗಡು, ಎಂದರು. ಚಪ್ಪಾಳೆ ಬಿತ್ತು. "ಅಸಾಂಟೆ" ಎಂದು ಪೋಷಕರು ಧನ್ಯವಾದ ಹೇಳಿದರು. ಗ್ರೇಸ್ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕೂತರು. ಶಾಲೆಗೆ ಹೊಸ ಸೂರು ಬಂತು. ಸ್ಕ್ರಬ್ಬರ್ ಬರಲಿಲ್ಲ.

ಆ ಮಳೆಗಾಲದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ, ಈ ಯುಗಾದಿಯ ಬೆಳಿಗ್ಗೆಯವರೆಗೆ.

ಬೆರಳಿನ ಸೊನೆ ಮೂಸುತ್ತ ನಾನು ಹೀಗೆ ಕೂತಿದ್ದಾಗ ಎದುರಿಗೆ ಶಾಂತಕ್ಕ ಮತ್ತು ಅವರ ಮಗಳು ಅನುಷಾ ಎಲೆ ಆರಿಸುತ್ತಿದ್ದರು. ಪ್ರಭಾಕರಣ್ಣ ಬಾಗಿಲ ಬಳಿ ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದರು. ಅನುಷಾ ಇಲ್ಲೇ ಬೆಳೆದವಳು. ತೂತಿದ್ದ ಎಲೆಯೊಂದನ್ನು ಎತ್ತಿ ಹಿಡಿದು, "ಪ್ಲಾಸ್ಟಿಕ್ ಒನ್ಸ್ ಆರ್ ಬೆಟರ್, ಮಾ. ನೋ ಹೋಲ್ಸ್" ಎಂದಳು.

"ತೂತಿರೋದನ್ನ ಯಾರೇ ಪೋಣಿಸು ಅಂದ್ರು ನಿಂಗೆ? ಆರಿಸ್ಬೇಕು" ಎಂದರು ಶಾಂತಕ್ಕ. "ನಾನು ತೂತಿರೋ ಎಲೆ ಯಾರ ಮನೆಗೂ ಕೊಟ್ಟೋಳಲ್ಲ. ಕೇಳು ಮೇಷ್ಟ್ರನ್ನ. ಅವರಿಗೆ ಕಾಲು ಪೆಟ್ಟಾಗಿತ್ತಲ್ಲ, ಆಗ ಒತಿಯೆನೊ ಫ್ಯಾಕ್ಟ್ರಿಯಿಂದ ಒಂದು ಚೀಲ ಎಲೆ ತಂದು, ಅಮ್ಮಾ, ಡಾಕ್ಟರ್‌ಗೆ, ಫ್ರಿಜ್ಜಲ್ಲಿಡಿ ಅಂದ. ಬಿಚ್ಚಿ ನೋಡ್ತೀನಿ, ಅಯ್ಯೋ ಶಿವನೇ, ಅಂಚೆಲ್ಲ ಸುಟ್ಟೋಗಿ, ಮಸಿ ಮೆತ್ಕೊಂಡು! ಹಬ್ಬದ ಹೊತ್ತಲ್ಲಿ ಇದನ್ನ ಮೇಷ್ಟ್ರಿಗೆ ಕಳಿಸೋದಾ? ಬಿಸಾಕಿ, ನಮ್ಮ ಮರದ್ದೇ ಒಳ್ಳೊಳ್ಳೇದು ಆರಿಸಿ, ತೊಳೆದು, ಒದ್ದೆ ಬಟ್ಟೇಲಿ ಸುತ್ತಿ ಕಳಿಸ್ದೆ. ಪ್ರತಿ ವಾರನೂ."

"ಅದು ಪರೀಕ್ಷೆಗೆ ಬಂದಿದ್ದು ಶಾಂತಕ್ಕ" ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿತು.

"ಗೊತ್ತು ಕಣಪ್ಪ. ಪರೀಕ್ಷೆಗಾದ್ರೇನು, ಪೂಜೆಗಾದ್ರೇನು, ಕೊಡೋದನ್ನ ಚೆನ್ನಾಗಿರೋದು ಕೊಡ್ಬೇಕು. ಇವ್ರಿಗೆ ಮೊದಲನೇ ವಾರನೇ ಹೇಳಿದ್ದೆ. ಮೇಷ್ಟ್ರು ಪುಣ್ಯವಂತರು ಅಂತ ನಕ್ಕಿದ್ರು. ಅಲ್ವೇನ್ರೀ?"

ಸುತ್ತಿಗೆಯ ಸದ್ದು ನಿಂತಿತ್ತು.

ಶಾಂತಕ್ಕನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಾವಿನೆಲೆ ಕೇಳಿದವರಿಗೆ ಹರಿದದ್ದು, ಕೊಳಕಾದದ್ದು ಕೊಡಬಾರದು ಎಂದು ಕಲಿತ ಕೈ ಅದು. ನನ್ನ ಅಮ್ಮನಾಗಿದ್ದರೂ ಅದನ್ನೇ ಮಾಡುತ್ತಿದ್ದಳು. ಆದರೆ ಪ್ರಭಾಕರಣ್ಣನಿಗೆ ಸ್ಯಾಂಪಲ್ ಎಂದರೇನು ಎಂದು ಗೊತ್ತಿತ್ತು. ಮೊದಲನೇ ವಾರವೇ ತಿಳಿದಿತ್ತು. ತಿಳಿದೂ ಮುಂದಿನ ವಾರದ ಕಟ್ಟನ್ನು, ಅದರ ಮುಂದಿನ ವಾರದ ಕಟ್ಟನ್ನು ನನ್ನ ಮೇಜಿಗೆ ಬರಲು ಬಿಟ್ಟಿದ್ದರು.

ಒಬ್ಬಟ್ಟಿನ ಊಟಕ್ಕೆ ಕೂರುವ ಮೊದಲು ಮರದಡಿ ಅವರೊಬ್ಬರೇ ಸಿಕ್ಕರು. ಕೇಳಿದೆ. ಅವರು ಗಲಿಬಿಲಿಯಾಗಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಾನು ನಿಮಗೆ ಆಗಲೇ ಹೇಳಿದ್ದೆನಲ್ಲ ಮೇಷ್ಟ್ರೇ. ಮರೆತುಬಿಟ್ರಾ?"

"ಯಾವಾಗ?"

"ಸ್ಕೂಲ್ ಮೀಟಿಂಗ್ ಮುಗಿಸ್ಕೊಂಡು ಕಾರಲ್ಲಿ ಬರ್ತಾ. ಮಳೆ ಹೊಯ್ತಿತ್ತು. ರೌಂಡಬೌಟ್ ಹತ್ರ ಅರ್ಧ ಗಂಟೆ ಜಾಮ್. ಕೋಲು ಮಡಿಲಲ್ಲಿ ಇಟ್ಕೊಂಡಿದ್ರಿ. ಶಾಂತಾ ಹಿಂಗೆ ಮಾಡಿದಾಳೆ ಅಂದೆ. ಹೋಗ್ಲಿ ಬಿಡಿ ಅಣ್ಣ, ಆಗಿದ್ದಾಯ್ತು ಅಂದ್ರಿ ನೀವೇ." ಆಮೇಲೆ ನಕ್ಕರು, ಪ್ರೀತಿಯಿಂದಲೇ. "ಪಾಸ್‌ಪೋರ್ಟ್ ತೆಗೆದು ನೋಡ್ಕೊಳ್ಳಿ."

ನಾನು ಊಟ ಮಾಡಿ ಬಂದೆ. ಅವರ ಮನೆಯಲ್ಲಿ ಊಟದ ಎಲೆಯ ಮುಂದಿನಿಂದ ಎದ್ದು ಬರುವಷ್ಟು ಖಚಿತತೆ ನನ್ನಲ್ಲಿರಲಿಲ್ಲ.

ಮುಂದಿನ ದಿನಗಳು ಕೆಟ್ಟವಾಗಿದ್ದವು. ಪಾಠ ಮಾಡುತ್ತ, ಸ್ನಾನ ಮಾಡುತ್ತ ಆ ಕಾರಿನೊಳಗೆ ಮತ್ತೆ ಮತ್ತೆ ಹೋಗಿ ಕೂತೆ. ಮೊದಮೊದಲು ಅಲ್ಲಿ ಏನೂ ಇರಲಿಲ್ಲ. ಆಮೇಲೆ ವೈಪರ್ ಓಡಾಡತೊಡಗಿತು. ಹೊಲೆದ ಪ್ಲಾಸ್ಟಿಕ್ ಹೊದ್ದು ಸುಟ್ಟ ಜೋಳ ಮಾರುತ್ತಿದ್ದವನೊಬ್ಬ ಕಿಟಕಿ ತಟ್ಟಿದ. ಮಡಿಲಲ್ಲಿ ಕೋಲಿನ ತೂಕ ಬಂತು. ಕೊನೆಗೆ, ನಾಚಿಕೆಯಿಂದಲೇ ಬರೆಯುತ್ತೇನೆ, 'ಹೋಗ್ಲಿ ಬಿಡಿ ಅಣ್ಣ' ಎಂದು ನನ್ನದೇ ದನಿ ಕೇಳಿಸತೊಡಗಿತು. ಅದು ನೆನಪೋ, ಅವರು ನೆಟ್ಟುಹೋದ ಸಸಿಗೆ ನಾನು ಎರೆದ ನೀರೋ? ಹೇಳಲಾರೆ. ವಿವರ ಜಾಸ್ತಿಯಿದ್ದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುವ ನಾನು ನನಗೇ ಅದನ್ನು ಹೇಳಿಕೊಳ್ಳುವಾಗ ತೊದಲುತ್ತಿದ್ದೆ.

ಒಂದು ಬೆಳಿಗ್ಗೆ ವಿಶ್ವವಿದ್ಯಾಲಯಕ್ಕೆ ಹೋಗುವ ಮಟಾಟುವಿನಲ್ಲಿ, ಕಿಟಕಿಗೆ ತಲೆಯಾನಿಸಿ ಅದೇ ಮಾತನ್ನು ತಿರುವಿ ಹಾಕುತ್ತಿದ್ದಾಗ, ಇಷ್ಟು ಹೊತ್ತೂ ಕಣ್ಣೆದುರೇ ಇದ್ದದ್ದು ಕಂಡಿತು. ಮೀಟಿಂಗ್ ಮುಗಿಸಿಕೊಂಡು ಬರುತ್ತಾ. ಅವರು ಹೇಳಿದ್ದೆಲ್ಲ ಅಕ್ಷರಶಃ ನಿಜವೆಂದೇ ಇಟ್ಟುಕೊಳ್ಳೋಣ. ನನ್ನ ನೆನಪೇ ಸುಳ್ಳು, ಅವರದೇ ಸರಿ. ಆಗಲೂ ಅವರು ಹೇಳಿದ್ದು ಸಭೆ ಆದ ಮೇಲೆ. ನಾನು ಮಳೆಯ ಸದ್ದಿನಲ್ಲಿ ಕೂಗಿ ಓದಿದ ಮೇಲೆ, ಚಪ್ಪಾಳೆ ಬಿದ್ದ ಮೇಲೆ, ಗ್ರೇಸ್ ಕೂತ ಮೇಲೆ.

ಮಟಾಟು ಇಳಿದು ರಸ್ತೆಬದಿಯಲ್ಲೇ ನಿಂತು ಫೋನ್ ಮಾಡಿದೆ.

"ಅಣ್ಣ, ಕಾರಲ್ಲಿ ಹೇಳಿದ್ರಿ ಅಂತಲೇ ಇಟ್ಕೊಳ್ಳೋಣ. ಮೀಟಿಂಗ್‌ಗೆ ಮುಂಚೆ ಯಾಕೆ ಹೇಳ್ಲಿಲ್ಲ?"

ಆ ಕಡೆ ಕಾರ್ಖಾನೆಯ ಸದ್ದು. ತಗಡಿನ ಮೇಲೆ ತಗಡು ಬೀಳುವ ಸದ್ದು. ಅವರು ಬಾಗಿಲು ಮುಚ್ಚಿದರು.

"ಮುಂಚೆ ಹೇಳಿದ್ರೆ ನೀವು ಓದ್ತಿದ್ರಾ?"

"ಇಲ್ಲ."

"ಮತ್ತೆ?"

ಅವರು ಅಂದದ್ದು ಅಷ್ಟೇ. ಮಗ್ಗಿ ತಪ್ಪಿದವನನ್ನು ತಿದ್ದುವ ಹಾಗೆ, ಬೇಸರವಿಲ್ಲದೆ. ಆಮೇಲೆ ಅವರೇ ಮುಂದುವರಿಸಿದರು: "ಆ ವರ್ಷ ಸ್ಕ್ರಬ್ಬರ್ ಅಂದಿದ್ರೆ ಮಾಲೀಕರು ನನ್ನನ್ನ ಊರಿಗೆ ಕಳಿಸಿಬಿಡೋರು ಮೇಷ್ಟ್ರೇ. ಅನುಷಾ ಆಗ ಹತ್ತನೇ ಕ್ಲಾಸು. ಸೂರು ಹಾಕಿಸಿ ಕೊಟ್ನಲ್ಲ? ಶನಿವಾರ ಊಟಕ್ಕೆ ಬನ್ನಿ. ಶಾಂತಾ ಹತ್ರ ಮಾತ್ರ ಏನೂ ಹೇಳ್ಬೇಡಿ, ತುಂಬ ನೊಂದ್ಕೋತಾಳೆ."

ಕಾರಿನಲ್ಲಿ ಅವರು ನಿಜವಾಗಿ ಹೇಳಿದ್ದರೇ? ಕೇಳಲು ಹೋಗಲಿಲ್ಲ. ಆ ಪ್ರಶ್ನೆಗೆ ಇನ್ನು ಉತ್ತರ ಬೇಕಿರಲಿಲ್ಲ. ವಿಮಾನ ನಿಲ್ದಾಣದ ರಟ್ಟು, ಸಾರಿನ ಡಬ್ಬಿ, ಹೆಗಲು ಕೊಟ್ಟು ಹತ್ತಿಸಿದ 'ಆಯ್ತಾ?', ಇವೆಲ್ಲ ನಿಜವೇ. ಆ ಸಭೆಯಲ್ಲಿ ನಾನು ಕೂಗುತ್ತಿದ್ದಾಗ ಮುಂದಿನ ಬೆಂಚಿನಲ್ಲಿ ಕೂತು ತಲೆದೂಗುತ್ತಿದ್ದ ಅವರ ಮುಖವೂ ನಿಜವೇ. ಎರಡನ್ನೂ ಒಂದೇ ಮನುಷ್ಯನಿಗೆ ಸೇರಿಸಿ ನೋಡಲು ನನಗೆ ಇನ್ನೂ ಆಗುತ್ತಿಲ್ಲ. ಶನಿವಾರ ಊಟಕ್ಕೆ ಹೋಗಲಿಲ್ಲ. ಮುಂದೆಯೂ ಹೋಗುತ್ತೇನೆ ಅನ್ನಿಸುವುದಿಲ್ಲ. ಶಾಂತಕ್ಕನಿಗೆ ಏನು ಕಾರಣ ಹೇಳಬೇಕೆಂದು ಮಾತ್ರ ತೋಚಿಲ್ಲ.

ಆ ವಾರವೇ ಶಾಲೆಗೆ ಹೋದೆ. ಮೋಡ ಕಟ್ಟಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಗ್ರೇಸ್ ಅಲ್ಲೇ ಇದ್ದರು. ತಲೆ ನರೆತಿತ್ತು, ಕಾರ್ಡಿಗನ್ ಬೇರೆ ಬಣ್ಣದ್ದು. ಪ್ರಭಾಕರಣ್ಣ ಹಾಕಿಸಿಕೊಟ್ಟ ಹೊಸ ಸೂರು ಕಾರ್ಖಾನೆಯ ಕಡೆ ಆಗಲೇ ಕಂದಾಗುತ್ತಿತ್ತು. ಗೋಡೆಯ ಬಳಿ ನಿಂತು ಒಂದು ಎಲೆ ಕಿತ್ತು ಬೆರಳಲ್ಲಿ ಹಿಸುಕಿದೆ. ಸೀಮೆಎಣ್ಣೆಯ ಘಾಟು. ಪಕ್ಕದ ಮರದ್ದೂ ಅದೇ. ಸಾಲಿನ ಕೊನೆಯವರೆಗೆ ನಡೆದು ಒಂದೊಂದನ್ನೂ ಮೂಸಿದೆ. ಯಾವುದರಲ್ಲೂ ಮಾವಿನಕಾಯಿ ಇರಲಿಲ್ಲ.

ನಡೆದದ್ದನ್ನೆಲ್ಲ ಆಕೆಗೆ ಇಂಗ್ಲಿಷಿನಲ್ಲಿ ಹೇಳಿದೆ. ತೋರಣ ಎಂದರೇನು ಎಂಬುದನ್ನೂ ಹೇಳಬೇಕಾಯಿತು. ಮಳೆಗಾಲದ ಆ ಫಲಿತಾಂಶ ಈ ಮರಗಳದ್ದಲ್ಲ ಎಂದು ಬರೆದು ಕಾರ್ಖಾನೆಗೂ ಶಾಲೆಗೂ ಕೊಡುತ್ತೇನೆ, ಈ ಮಳೆಯಲ್ಲಿ ಮತ್ತೆ ಪರೀಕ್ಷೆ ಮಾಡುತ್ತೇನೆ, ಪೋಷಕರನ್ನು ಸೇರಿಸಿದರೆ ಅದೇ ತರಗತಿಯಲ್ಲಿ ನಿಂತು ಓದುತ್ತೇನೆ ಎಂದೆ. ಆಕೆ ಬೈಯಬಹುದು ಅಂದುಕೊಂಡಿದ್ದೆ.

ಗ್ರೇಸ್ ಹತ್ತಿರದ ಕೊಂಬೆಯ ಎಲೆಯೊಂದನ್ನು ತಿರುವಿ ನೋಡಿದರು. "ಅವತ್ತು ಮನೆಗೆ ಹೋಗುವಾಗ ನನಗೆ ಏನನ್ನಿಸಿತು ಗೊತ್ತೇ?" ಎಂದರು. "ಡಾಕ್ಟರ್ ಅಳೆದು ನೋಡಿದ್ದಾರೆ. ನನ್ನ ಗಂಟಲು ಉರಿದದ್ದು ಸುಳ್ಳಿರಬೇಕು. ಆಮೇಲೆ ಮಕ್ಕಳು ಬಂದು ಉರಿ ಎಂದರೆ, ಥಂಡಿ ಇರಬೇಕು, ಹೋಗಿ ನೀರು ಕುಡಿ ಎಂದು ಕಳಿಸುತ್ತಿದ್ದೆ. ಇಷ್ಟು ವರ್ಷ ಅದನ್ನೇ ಹೇಳಿದ್ದೇನೆ."

ಕಾರಿನೊಳಗೆ ಕೂತು ಕೂತು ಕೆಲವು ದಿನಗಳಲ್ಲಿ ನಾನು ಅನುಭವಿಸಿದ್ದನ್ನು ಆಕೆ ಇಷ್ಟು ವರ್ಷ ಅನುಭವಿಸಿದ್ದರು, ನನ್ನ ಅಂಕಿಗಳನ್ನು ನಂಬಿ.

"ಈ ಸಲ ಎಲೆ ಯಾರು ಕೀಳುತ್ತಾರೆ?" ಎಂದು ಕೇಳಿದರು.

"ನಾನೇ."

ಆಕೆ ತಲೆಯಾಡಿಸಿ ನನ್ನ ಕೈಯಿಂದ ಚೀಲ ತೆಗೆದುಕೊಂಡರು. "ನಾನು ಕೀಳುತ್ತೇನೆ. ನೀವು ಹಿಡಿದುಕೊಳ್ಳಿ."

ಕೊಂಬೆ ಬಗ್ಗಿಸಿದೆ. ಆಕೆ ಕಿತ್ತ ಮೊದಲ ಎಲೆ ನನ್ನ ಕೈಗೆ ಬಂತು: ಅಂಚು ಸುಟ್ಟದ್ದು, ನಡುವೆ ತೂತು, ಮೈಮೇಲೆ ಕಪ್ಪು ಪುಡಿ. ನನಗೆ ತಿಳಿಯದೆಯೇ ಹೆಬ್ಬೆರಳು ಅದನ್ನು ಅಂಗಿಯ ತುದಿಗೆ ಒತ್ತಿ ಒರೆಸಲು ಹೊರಟಿತ್ತು, ಮಾವಿನೆಲೆ ಕೈಗೆ ಬಂದಾಗ ನಮ್ಮ ಮನೆಗಳಲ್ಲಿ ಯಾರಾದರೂ ಮಾಡುವ ಹಾಗೆ.

ಗ್ರೇಸ್ ನನ್ನ ಮಣಿಕಟ್ಟು ಹಿಡಿದರು.

"ಬೇಡ" ಎಂದರು. "ಹಾಗೇ ಇರಲಿ."